ಧೂಪದ ಬುಡದ ಮಣ್ಣು ಸಮುದ್ರ ದಾಟಬಾರದು

ಸಂಪಾದಕರಿಗೆ,

ಮಾನ್ಯರೆ,

ಮೂರು ವಾರಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಒಂದು ಬರಹ ಬಂದಿತ್ತು. ಕೆಲಸದ ಮೇಲೆ ಮಾರಿಷಸ್ಸಿಗೆ ಹೊರಟ ಕುಟುಂಬವೊಂದು ತವರಿನ ತುಳಸಿಕಟ್ಟೆಯ ಮಣ್ಣನ್ನೂ ಬೇರುಸಹಿತವಾದ ಒಂದು ತುಳಸಿ ಗಿಡವನ್ನೂ ಸೀರೆಗಳ ಮಡಿಕೆಯೊಳಗೆ ಅಡಗಿಸಿ ಒಯ್ದ ಕಥೆ ಅದು. ಬರೆದವರ ಭಾವನೆ ನಿಜವಾದದ್ದು. ಓದುವಾಗ ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಆದರೆ ಬರಹದ ಕೊನೆಯಲ್ಲಿ, ದ್ವೀಪಗಳಿಗೆ ಹೋಗಿ ನೆಲೆಸುವ ಕನ್ನಡಿಗರೆಲ್ಲರೂ ಹೀಗೆಯೇ ಊರಿನ ಹಿಡಿ ಮಣ್ಣು ಒಯ್ಯಬೇಕು ಎಂಬ ಕರೆ ಇತ್ತು. ಆ ಕರೆಯನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ. ಪತ್ರ ಉದ್ದವಾಗಿದೆ. ಒಂದು ಕಾಲದಲ್ಲಿ ನಾನೂ ಅದೇ ತಪ್ಪಿನ ಹೊಸ್ತಿಲ ಮೇಲೆ ನಿಂತಿದ್ದವನಾದ್ದರಿಂದ ಚುಟುಕಾಗಿ ಹೇಳಲು ನನ್ನಿಂದ ಆಗಲಿಲ್ಲ.

ನಾನು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮೂವತ್ತಮೂರು ವರ್ಷ ದುಡಿದವನು. ಮೊದಲು ದಿನಗೂಲಿ, ಆಮೇಲೆ ಮಾಲಿ, ಕೊನೆಯ ಹನ್ನೊಂದು ವರ್ಷ ಗಾರ್ಡ್. ಸುಳ್ಯದ ಸುತ್ತಿನ ಕಾಡಂಚಿನಲ್ಲಿ ನಾನು ಎಬ್ಬಿಸಿದ ಸಸಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಧೂಪ. ಕೆಲವರು ಸಾಲುಧೂಪ ಎನ್ನುತ್ತಾರೆ. ಹಿಂದಿನವರು ರಸ್ತೆಯ ಎರಡೂ ಬದಿಗೆ ಸಾಲಾಗಿ ನೆಟ್ಟ ಮರ ಅದು. ಅದರ ಬೀಜವನ್ನು ಗೋಣಿಯಲ್ಲಿ ಕಟ್ಟಿಟ್ಟು ಮುಂದಿನ ವರ್ಷಕ್ಕೆ ಎಂದು ಕಾಯುವಂತಿಲ್ಲ. ಮಳೆಗಾಲದ ಆರಂಭದಲ್ಲಿ ಬೀಜ ಉದುರುತ್ತದೆ, ಕೆಲವೇ ದಿನಗಳಲ್ಲಿ ಮೊಳಕೆ ಒಡೆಯುತ್ತದೆ, ಒಣಗಿದರೆ ಸತ್ತೇಹೋಗುತ್ತದೆ. ಹೆಕ್ಕಿ ತಂದ ದಿನವೇ ಮಡಿಗೆ ಹಾಕಬೇಕು. ಎರಡು ದಿನ ತಡವಾದರೆ ಗೋಣಿಯೊಳಗೇ ಬೇರು ಬಿಟ್ಟು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಬಿಡಿಸಲು ಹೋದರೆ ಬೇರು ಮುರಿಯುತ್ತದೆ.

1983ರ ಮಳೆಗಾಲದಲ್ಲಿ ನಮ್ಮ ಮಡಿಗಳಲ್ಲಿ ಧೂಪದ ಸಸಿಗಳು ಎದ್ದವು, ಆದರೆ ಬೆಳೆಯಲಿಲ್ಲ. ನಾಲ್ಕು ಎಲೆಯಾದ ಮೇಲೆ ಹಳದಿಗೆ ತಿರುಗಿ ಹಾಗೆಯೇ ನಿಂತವು. ಹೊಸ ನರ್ಸರಿ, ಗುಡ್ಡ ಅಗೆದು ತಂದ ಕೆಂಪು ಮಣ್ಣನ್ನೂ ಹೊಳೆಯ ಮರಳನ್ನೂ ಬೆರೆಸಿ ತೊಟ್ಟೆ ತುಂಬಿಸಿದ್ದೆವು. ಸಗಣಿ ಗೊಬ್ಬರ ಹಾಕಿದೆವು, ನೆರಳು ಹೆಚ್ಚಿಸಿದೆವು, ನೆರಳು ಕಡಿಮೆ ಮಾಡಿದೆವು. ನಮ್ಮ ಹಿರಿಯ ಮಾಲಿ ಅಕ್ಷರ ಕಲಿತವರಲ್ಲ. ಒಂದು ಬೆಳಿಗ್ಗೆ ಅವರು ಯಾರಿಗೂ ಹೇಳದೆ ಕಾಡಿಗೆ ಹೋಗಿ, ದೊಡ್ಡ ಧೂಪದ ಮರವೊಂದರ ಬುಡದಲ್ಲಿ ತರಗೆಲೆ ಸರಿಸಿ, ಅದರಡಿಯ ಕಪ್ಪು ಮಣ್ಣನ್ನು ಎರಡು ಬುಟ್ಟಿ ತುಂಬ ತಂದು ಪ್ರತಿ ತೊಟ್ಟೆಗೂ ಒಂದೊಂದು ಹಿಡಿ ಹಾಕಿದರು. "ತಾಯಿಯ ಬುಡದ ಮಣ್ಣು ಸೋಕದೆ ಇದು ಏಳುವುದಿಲ್ಲ ಮಾರಾಯ" ಎಂದರು. ದೀಪಾವಳಿಯ ಹೊತ್ತಿಗೆ ಸಸಿಗಳು ಗೇಣುದ್ದ ಆಗಿದ್ದವು, ಎಲೆ ಕಡು ಹಸಿರು. ಆ ಹಿಡಿ ಮಣ್ಣಿನಲ್ಲಿ ಏನಿತ್ತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಮೂವತ್ತು ವರ್ಷ ನಾನೂ ಹಾಗೆಯೇ ಮಾಡಿದೆ.

ಅದರಲ್ಲಿ ಏನಿತ್ತು ಎಂಬುದು ನಿವೃತ್ತಿಯ ನಂತರ ತಿಳಿಯಿತು. ಶಿಲೀಂಧ್ರ ಎಂದ ಕೂಡಲೆ ನಮಗೆ ಅಡಿಕೆಯ ಕೊಳೆರೋಗವೋ ಬ್ರೆಡ್ಡಿನ ಮೇಲಿನ ಬೂಷ್ಟೋ ನೆನಪಾಗುತ್ತದೆ. ಮರದ ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರಗಳ ಸಂಸಾರ ಬೇರೆಯೇ. ಈ ಕೂಡುಬಾಳಿಗೆ ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 1885ರಲ್ಲಿ ಮೈಕೊರೈಜಾ ಎಂದು ಹೆಸರಿಟ್ಟರು. ಬೇರು ಹೋಗಲಾರದ ಸಂದಿಗೊಂದಿಗಳಿಗೆ ಕೂದಲಿಗಿಂತ ಸಣ್ಣ ಎಳೆಗಳನ್ನು ಚಾಚಿ ಈ ಶಿಲೀಂಧ್ರ ರಂಜಕವನ್ನೂ ನೀರನ್ನೂ ತಂದುಕೊಡುತ್ತದೆ. ಮರ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯ ಒಂದು ಪಾಲನ್ನು ಅದಕ್ಕೆ ಕೊಡುತ್ತದೆ. ಇದರಲ್ಲಿ ಎರಡು ದೊಡ್ಡ ಬಗೆಗಳಿವೆ. ಒಂದು ಬೇರಿನ ಜೀವಕೋಶದ ಒಳಗೇ ಹೊಕ್ಕು ಕೂರುವಂಥದ್ದು. ನಮ್ಮ ರೈತರು ವ್ಯಾಮ್ ಎಂದು ಚೀಲದಲ್ಲಿ ಕೊಳ್ಳುವುದು ಇದನ್ನೇ. ಭತ್ತ, ರಾಗಿ, ಅಡಿಕೆ, ತುಳಸಿ, ಮಾವು ಹೀಗೆ ಬಹುಪಾಲು ಗಿಡಗಳು ಇದರ ಒಡನಾಡಿಗಳು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ದುಡಿದದ್ದು ಇದರ ಮೇಲೆ. ಇನ್ನೊಂದು ಬಗೆ ಬೇರಿನ ತುದಿಯನ್ನು ಹೊರಗಿನಿಂದ ಸುತ್ತುವರಿಯುತ್ತದೆ, ಮಗುವಿನ ತಲೆಗೆ ಕುಲಾವಿ ತೊಡಿಸಿದ ಹಾಗೆ. ಪೈನ್, ಓಕ್, ನೀಲಗಿರಿ, ಮತ್ತು ನಮ್ಮ ಧೂಪ, ಬೋಗಿ ಮರಗಳ ಕುಟುಂಬ ಈ ಗುಂಪಿಗೆ ಸೇರಿದವು. ಮೊದಲ ಗುಡುಗು ಮಳೆಗೆ ನಮ್ಮ ಹೆಂಗಸರು ಗುಡ್ಡದಲ್ಲಿ ನೆಲ ಕೆದಕಿ ಹೆಕ್ಕುವ ಕಲ್ಲಣಬೆಯೂ ಹೀಗೆ ಮರದ ಬೇರಿಗೆ ಅಂಟಿ ಬದುಕುವ ಶಿಲೀಂಧ್ರದ ಕಾಯಿಯೇ. ಮರ ಕಡಿದ ಗುಡ್ಡದಲ್ಲಿ ಕಲ್ಲಣಬೆ ಏಳುವುದಿಲ್ಲ ಎಂಬುದು ಅವರಿಗೆಲ್ಲ ಗೊತ್ತಿರುವ ವಿಷಯ.

ಈಗ ದ್ವೀಪದ ಮಾತಿಗೆ ಬರುತ್ತೇನೆ.

ನನ್ನ ಮಗ ಸೆಶೆಲ್ಸ್ ದೇಶದ ಮಾಹೆ ದ್ವೀಪದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಮಂಗಳೂರಿನಿಂದ ನೈರುತ್ಯಕ್ಕೆ ಅರಬ್ಬಿ ಸಮುದ್ರವನ್ನೂ ಭೂಮಧ್ಯರೇಖೆಯನ್ನೂ ದಾಟಿ ಸುಮಾರು 2,900 ಕಿಲೋಮೀಟರ್ ಹೋದರೆ ಸಿಗುವ ನಾಡು. ಅವನು ಒಮ್ಮೆ ಫೋನಿನಲ್ಲಿ, "ಅಪ್ಪ, ಇಲ್ಲಿನ ಬೆಟ್ಟದಲ್ಲಿ ನಿಮ್ಮ ಧೂಪದ ದಾಯಾದಿ ಮರ ಒಂದಿದೆಯಂತೆ, ಉಳಿದಿರುವುದು ಬಹಳ ಕಡಿಮೆಯಂತೆ" ಎಂದ. ವಟೀರಿಯಾಪ್ಸಿಸ್ ಸೆಶೆಲೇರಮ್ ಅದರ ಹೆಸರು. ಲೋಕದಲ್ಲಿ ಮಾಹೆಯೊಂದನ್ನು ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ನಮ್ಮ ಧೂಪ ವಟೀರಿಯ ಇಂಡಿಕ. ಹಿಂದೆ ಸಸ್ಯವಿಜ್ಞಾನಿಗಳು ಆ ಮರವನ್ನೂ ವಟೀರಿಯ ಕುಲದಲ್ಲೇ ಇಟ್ಟಿದ್ದರು. ಅಲ್ಲಿನ ಕ್ರಿಯೋಲ್ ಜನ ಅದನ್ನು ಬ್ವಾ ದ ಫೇರ್, ಅಂದರೆ ಕಬ್ಬಿಣದ ಮರ ಎನ್ನುತ್ತಾರೆ. ಫ್ರೆಂಚರು 1770ರಲ್ಲಿ ನೆಲೆ ಊರಿದ ಮೇಲೆ ಮರಮುಟ್ಟಿಗಾಗಿ ಕಡಿದು ಕಡಿದು ಇಷ್ಟಕ್ಕೆ ಬಂದಿದೆ.

ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತೊಳೆದು ಒಣಗಿಸಿ, ನಮ್ಮ ತೋಟದ ಮೇಲಿನ ಕಾಡಿನ ದೊಡ್ಡ ಧೂಪದ ಬುಡಕ್ಕೆ ಹೋಗಿ, ನಮ್ಮ ಹಿರಿಯ ಮಾಲಿ ಮಾಡುತ್ತಿದ್ದ ಹಾಗೆಯೇ ತರಗೆಲೆ ಸರಿಸಿ ಕಪ್ಪು ಮಣ್ಣನ್ನು ತುಂಬಿಸಿದೆ. ಸಮುದ್ರದಾಚೆ ಒಂಟಿಯಾಗಿ ಉಳಿದ ಮರದ ಸಸಿಗಳಿಗೆ ತವರಿನ ಒಂದು ಹಿಡಿ ಮಣ್ಣು ಸೋಕಿದರೆ ಅವು ಏಳಬಹುದು ಎಂಬ ಆಸೆ. ಹೆಂಡತಿ ತುಳಸಿ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಳು. ನಾವಿಬ್ಬರೂ ಮಗನ ಬಳಿಗೆ ಹೊರಡುವ ಮೂರು ದಿನ ಮೊದಲು ಅವನು ಫೋನ್ ಮಾಡಿದಾಗ ಮಾತಿನ ಮಧ್ಯೆ ಇದು ಹೊರಬಿತ್ತು. ಅವನು ಒಂದೇ ಮಾತು ಹೇಳಿದ: "ಮಣ್ಣು ತರಬೇಡಿ ಅಪ್ಪ. ಗಿಡವನ್ನೂ ತರಬೇಡಿ. ಇಲ್ಲಿ ಬಿಡುವುದಿಲ್ಲ, ಬಿಡಲೂಬಾರದು." ನನಗೆ ಸಿಟ್ಟು ಬಂತು. ನಾನು ಹುಟ್ಟಿಸಿ ಬೆಳೆಸಿದ ಮಗ ನನಗೆ ಮಣ್ಣಿನ ಪಾಠ ಹೇಳುವುದೇ ಎಂದು ಎರಡು ದಿನ ಅವನೊಂದಿಗೆ ಮಾತು ಬಿಟ್ಟೆ. ಡಬ್ಬಿಯನ್ನು ಬಚ್ಚಲುಮನೆಯ ಅಟ್ಟದ ಮೇಲಿಟ್ಟು, ಬರಿಗೈಯಲ್ಲಿ ಮುಂಬೈಗೆ ಹೋಗಿ ವಿಮಾನ ಹತ್ತಿದೆವು.

ಮಾಹೆಯ ಬೆಟ್ಟಗಳು ದೂರದಿಂದ ನಮ್ಮ ಘಟ್ಟದ ತುಣುಕಿನಂತೆಯೇ ಕಾಣುತ್ತವೆ. ಅತಿ ಎತ್ತರದ ಮೋರ್ನ್ ಸೆಶೆಲ್ವಾ 905 ಮೀಟರ್. ಬರಿಯ ಕರಿಬಂಡೆಯ ನೆತ್ತಿ, ಕೆಳಗೆ ದಟ್ಟ ಹಸಿರು. ಹತ್ತಿರ ಹೋದರೆ ಆ ಹಸಿರಿನ ಹೆಚ್ಚಿನ ಪಾಲು ದಾಲ್ಚಿನ್ನಿ! ಹದಿನೆಂಟನೆಯ ಶತಮಾನದಲ್ಲಿ ಸಾಂಬಾರ ತೋಟಕ್ಕೆಂದು ತಂದದ್ದು ಹಕ್ಕಿಗಳ ಹೊಟ್ಟೆ ಸೇರಿ ಬೆಟ್ಟವೆಲ್ಲ ಹಬ್ಬಿದೆ. ಮಗನ ಪರಿಚಯದ ಒಬ್ಬರು ನಮ್ಮನ್ನು ಬೆಟ್ಟದ ಇಳಿಜಾರಿಗೆ ಕರೆದೊಯ್ದು ಆ ಮರ ತೋರಿಸಿದರು. ದಾಲ್ಚಿನ್ನಿಯ ಪೊದೆಗಳ ನಡುವೆ ನಿಂತಿತ್ತು. ನಮ್ಮ ಧೂಪದ ಎಲೆಗಿಂತಲೂ ದೊಡ್ಡದಾದ, ಚರ್ಮದಂತೆ ದಪ್ಪವಾದ ಎಲೆ. ತೊಗಟೆಯ ಮೇಲೆ ಕೈ ಇಟ್ಟೆ. ಬುಡದಲ್ಲಿ ಕೂತು ತರಗೆಲೆ ಸರಿಸಲು ಕೈ ಚಾಚಿದಾಗ ನಮ್ಮೊಂದಿಗಿದ್ದವರು ಮೆಲ್ಲನೆ ನನ್ನ ಮೊಣಕೈ ಹಿಡಿದು ತಡೆದರು. ಹತ್ತುವ ಮೊದಲೇ ಅವರು ನಮ್ಮ ಚಪ್ಪಲಿಯ ಅಡಿಯನ್ನು ಬ್ರಶ್ಶಿನಿಂದ ಉಜ್ಜಿಸಿದ್ದೇಕೆ ಎಂಬುದು ಆಗ ಹೊಳೆಯಿತು.

ಊರಿಗೆ ಮರಳಿದ ಮೇಲೆ ನಮ್ಮೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ನಿವೃತ್ತ ಮೇಷ್ಟ್ರೊಬ್ಬರ ಜಗಲಿಯಲ್ಲಿ ಆರು ತಿಂಗಳು ಸಂಜೆ ಸಂಜೆ ಕೂತು ಈ ವಿಷಯ ಕೇಳಿ ತಿಳಿದುಕೊಂಡೆ. ಅವರು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಮಗನ ಹಳೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ನಡುಸಮುದ್ರದ ದ್ವೀಪಗಳಲ್ಲಿ ಹೆಚ್ಚಿನವು ಜ್ವಾಲಾಮುಖಿಯಿಂದಲೋ ಹವಳದಿಂದಲೋ ಹುಟ್ಟಿದವು. ಮಾಹೆ ಹಾಗಲ್ಲ. ಅದು ಸುಮಾರು 75 ಕೋಟಿ ವರ್ಷ ಹಳೆಯ ಗ್ರಾನೈಟ್. ಹಿಂದೆ ಭಾರತದೊಂದಿಗೆ ಒಂದೇ ನೆಲವಾಗಿದ್ದು, ದಖನ್ನಿನ ಲಾವಾ ಹರಿದ ಕಾಲದಲ್ಲಿ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ನಮ್ಮಿಂದ ಕಳಚಿಕೊಂಡು ಅಲ್ಲೇ ಉಳಿದ ಚೂರು. 2003ರಲ್ಲಿ ಕೇರಳದ ಘಟ್ಟದಿಂದ ವರ್ಣಿಸಲಾದ ನೇರಳೆ ಕಪ್ಪೆಯ ಹತ್ತಿರದ ಬಂಧುಗಳು ಇರುವುದೂ ಇದೇ ಸೆಶೆಲ್ಸಿನಲ್ಲಿ. ಅದಕ್ಕೂ ಹಿಂದೆ ಮಡಗಾಸ್ಕರ್ ಬೇರೆಯಾಗಿತ್ತು. ಮಡಗಾಸ್ಕರಿನಲ್ಲಿ ಸಾರ್ಕೊಲೇನೇಸಿ ಎಂಬ ಮರಗಳ ಕುಟುಂಬವಿದೆ. ಅದು ಆ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಧೂಪದ ಕುಟುಂಬಕ್ಕೆ ಅದು ಹತ್ತಿರದ ನೆಂಟ. ಆ ಮರಗಳ ಬೇರಿನ ತುದಿಗೂ ಇದೇ ಶಿಲೀಂಧ್ರದ ಕುಲಾವಿ ಇದೆಯೆಂದು 2004ರಲ್ಲಿ ವಿಜ್ಞಾನಿಗಳು ತೋರಿಸಿದರು. ಅವರ ತೀರ್ಮಾನ ಇಷ್ಟು: ಭಾರತ ಮತ್ತು ಮಡಗಾಸ್ಕರ್ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರೆಯಾಗುವ ಮೊದಲೇ ಈ ಎರಡು ಕುಟುಂಬಗಳ ಸಮಾನ ಪೂರ್ವಜ ಮರ ಶಿಲೀಂಧ್ರದೊಂದಿಗೆ ಕೈ ಜೋಡಿಸಿತ್ತು. ಗುಜರಾತಿನ ಸೂರತ್ ಜಿಲ್ಲೆಯ ತಡಕೇಶ್ವರದ ಲಿಗ್ನೈಟ್ ಗಣಿಯಲ್ಲಿ ಸಿಕ್ಕ, ಧೂಪದ ಬಳಗದ ಮರಗಳ ಅಂಟು ಕಲ್ಲಾಗಿ ಉಳಿದ ಅಂಬರಿನೊಳಗೆ ಶಿಲೀಂಧ್ರ ಸುತ್ತಿಕೊಂಡ ಬೇರಿನ ತುದಿಗಳೇ ಇದ್ದ ಹಾಗೆಯೇ ಉಳಿದಿವೆ. ವಯಸ್ಸು ಸುಮಾರು 5.2 ಕೋಟಿ ವರ್ಷ. ಇದನ್ನು ಪ್ರಕಟಿಸಿದ್ದು 2011ರಲ್ಲಿ. ಮೇಷ್ಟ್ರು ಅದರ ಚಿತ್ರ ತೋರಿಸಿದಾಗ ನನಗೆ ನನ್ನ ತೊಟ್ಟೆಗಳ ತಳದಿಂದ ಇಣುಕುತ್ತಿದ್ದ ಬಿಳಿಬಿಳಿ ಬೇರಿನ ತುದಿಗಳು ಕಣ್ಣ ಮುಂದೆ ಬಂದವು. ಎಷ್ಟು ಸಾವಿರ ಸಸಿಗಳಲ್ಲಿ ಅವನ್ನು ಕಂಡಿದ್ದೆ, ಒಮ್ಮೆಯೂ ಏನೆಂದು ಕೇಳಿರಲಿಲ್ಲ.

ಮಾಹೆಯ ಆ ಮರದ ಬೇರಿನಲ್ಲಿ ಯಾರಿದ್ದಾರೆ ಎಂಬುದನ್ನು ಎಸ್ಟೋನಿಯದ ಟಾರ್ಟು ವಿಶ್ವವಿದ್ಯಾಲಯದ ಲೆಹೊ ಟೆಡೆರ್ಸೂ ಮತ್ತು ಸಂಗಡಿಗರು ಬೇರಿನ ತುದಿಗಳ ಡಿಎನ್‌ಎ ಓದಿ 2007ರಲ್ಲಿ ಬರೆದಿದ್ದಾರೆ. ಕಬ್ಬಿಣದ ಮರ ಮತ್ತು ಇಂಟ್ಸಿಯ ಬೈಜುಗ ಎಂಬ ಇನ್ನೊಂದು ಸ್ಥಳೀಯ ಮರ, ಎರಡರ ಬೇರಿನಲ್ಲೂ ಸೇರಿ ಅವರಿಗೆ ಸಿಕ್ಕಿದ್ದು 30 ಬಗೆಯ ಶಿಲೀಂಧ್ರಗಳು. ಎರಡಕ್ಕೂ ಸಾಮಾನ್ಯವಾದದ್ದು ಮೂರೇ ಮೂರು. ಇದು ಕಡಿಮೆ ಸಂಖ್ಯೆ. ದೀರ್ಘ ಕಾಲದ ಒಂಟಿತನ ಮತ್ತು ಕಾಡಿನ ನಾಶ ಇದಕ್ಕೆ ಕಾರಣವೆಂದು ಅವರು ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಅದೇ ದ್ವೀಪದಲ್ಲಿ ಹೊರಗಿನಿಂದ ತಂದು ನೆಟ್ಟ ನೀಲಗಿರಿಯ ಬೇರನ್ನೂ ಕೆರಿಬಿಯನ್ ಪೈನಿನ ಬೇರನ್ನೂ ಅವರು ನೋಡಿದರು. ನೀಲಗಿರಿ ಸ್ಥಳೀಯ ಮರಗಳ ಐದು ಶಿಲೀಂಧ್ರಗಳನ್ನು ತನ್ನದಾಗಿಸಿಕೊಂಡಿತ್ತು. ಪೈನ್ ಒಂದನ್ನೂ ಮುಟ್ಟಿರಲಿಲ್ಲ. ಅದರ ಬೇರಿನಲ್ಲಿದ್ದ ಮೂರು ಶಿಲೀಂಧ್ರಗಳು ದ್ವೀಪದ ಸ್ಥಳೀಯ ಮರಗಳಲ್ಲಿ ಇರಲೇ ಇಲ್ಲ. ಸಸಿಯ ಡಬ್ಬಿಯ ಮಣ್ಣಿನಲ್ಲಿ ಅದರ ಜೊತೆಗೇ ಹಡಗು ಹತ್ತಿ ಬಂದಿರಬೇಕು. ಬಂದು ದಶಕಗಳೇ ಕಳೆದರೂ ಪೈನಿನ ತೋಪಿನಲ್ಲಿ ಅವು ಗಟ್ಟಿಯಾಗಿ ಕೂತಿವೆ.

ಡಬ್ಬಿಯ ಮಣ್ಣು ಎಂಬ ಮಾತು ಕೇಳಿದಾಗ ನನ್ನ ಬಿಸ್ಕತ್ತಿನ ಡಬ್ಬಿ ನೆನಪಾಗಿ ಎದೆ ಧಸಕ್ಕೆಂದಿತು. ನಾನು ಒಯ್ಯಲು ಹೊರಟಿದ್ದು ಕೇವಲ ಮಣ್ಣಲ್ಲ, ಒಂದು ಊರಿನ ಜನಸಂಖ್ಯೆ. ಅದರಲ್ಲಿ ಧೂಪದ ಒಡನಾಡಿಗಳು ಇದ್ದಿರಬಹುದು. ಬೇರು ಕೊಳೆಯಿಸುವವರೂ ಇದ್ದಿರಬಹುದು. ಎಂಟು ಕೋಟಿ ವರ್ಷಗಳ ಒಂದು ಬಾಂಧವ್ಯದ ಕೊನೆಯ ಎಳೆಯನ್ನು ಹಿಡಿದು ನಿಂತ ಮರದ ಬುಡಕ್ಕೆ, ಅದರ ಮೂವತ್ತರೊಳಗಿನ ಚಿಕ್ಕ ಬಳಗದ ನಡುವೆ, ಸಾವಿರಾರು ಅಪರಿಚಿತರನ್ನು ಪ್ರೀತಿಯಿಂದಲೇ ನಾನು ಸುರಿಯುತ್ತಿದ್ದೆ.

ಹಾಗಾದರೆ ಶಿಲೀಂಧ್ರಗಳು ತಾವಾಗಿ ಸಮುದ್ರ ದಾಟುವುದೇ ಇಲ್ಲವೇ ಎಂದು ಮೇಷ್ಟ್ರನ್ನು ಕೇಳಿದೆ. ದಾಟುತ್ತವೆ, ಆದರೆ ಎಲ್ಲವೂ ಒಂದೇ ರೀತಿ ಅಲ್ಲ. ವ್ಯಾಮ್ ಬಗೆಯವು ಮಣ್ಣಿನೊಳಗೇ ದಪ್ಪ ಬೀಜಕಣ ಬಿಡುವಂಥವು. ಗಾಳಿಗೆ ಹಾರುವ ಅಣಬೆಯ ಧೂಳಿನ ಹಾಗಲ್ಲ. ಆದ್ದರಿಂದ ಅವು ದೂರ ಹೋಗಲಾರವು ಎಂದೇ ಯಾರಿಗಾದರೂ ಅನಿಸಬೇಕು. ಆದರೆ 2015ರಲ್ಲಿ ಟಾರ್ಟುವಿನ ಜಾನ್ ಡೇವಿಸನ್ ಮತ್ತು ಸಂಗಡಿಗರು ಲೋಕದ ನಾನಾ ಕಡೆಯ 1,014 ಬೇರಿನ ಮಾದರಿಗಳನ್ನು ನೋಡಿದಾಗ, ಈ ಗುಂಪಿನ ನೂರಕ್ಕೆ 93 ಬಗೆಗಳು ಒಂದಕ್ಕಿಂತ ಹೆಚ್ಚು ಖಂಡಗಳಲ್ಲಿ ಕಂಡವು. ನೂರಕ್ಕೆ 34 ಅವರು ನೋಡಿದ ಆರೂ ಖಂಡಗಳಲ್ಲಿದ್ದವು. ಹೇಗೋ ಏನೋ, ಇವು ದಾಟಿವೆ. ಹಕ್ಕಿಗಳು ಒಂದು ದಾರಿ. ಪೋರ್ಚುಗಲ್ಲಿನ ಕೊಯಿಂಬ್ರದ ಸಂಶೋಧಕರು ಹಣ್ಣು ತಿನ್ನುವ ಹಕ್ಕಿಗಳ ಹಿಕ್ಕೆಯನ್ನು ಬಿತ್ತಿ, ಅದರಲ್ಲಿದ್ದ ಬೀಜ ಮೊಳೆತಾಗ ಅದೇ ಹಿಕ್ಕೆಯಲ್ಲಿ ಬಂದ ಶಿಲೀಂಧ್ರ ಅದರ ಬೇರಿಗೆ ಸೇರಿಕೊಂಡದ್ದನ್ನು 2019ರಲ್ಲಿ ತೋರಿಸಿದರು. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಜೊತೆಗೆ ಒಬ್ಬ ಆಪ್ತಳನ್ನು ಕಳುಹಿಸಿದ ಹಾಗೆ ಎಂದು ನನ್ನ ಹೆಂಡತಿ ಹೇಳಿದಳು.

ಹವಳದ ದ್ವೀಪಗಳಲ್ಲಿ ಬೆಳೆಯುವ ಪಿಸೋನಿಯ ಗ್ರಾಂಡಿಸ್ ಎಂಬ ಮರದ ಕಥೆ ಇನ್ನೂ ವಿಚಿತ್ರವಾದದ್ದು. ಸೆಶೆಲ್ಸಿನ ಜನ ಇದನ್ನು ಮಾಪು ಎನ್ನುತ್ತಾರೆ. ಕಸೀನ್ ಎಂಬ ಪುಟ್ಟ ದ್ವೀಪದಲ್ಲಿ ಇದರದೇ ಕಾಡಿದೆ. 1968ರಲ್ಲಿ ಒಂದು ಸಣ್ಣ ಹಾಡುಹಕ್ಕಿಯ ವಂಶ ಉಳಿಸಲೆಂದು ಆ ದ್ವೀಪವನ್ನೇ ಕೊಂಡು, ತೆಂಗಿನ ತೋಟವನ್ನು ಹಿಂದಕ್ಕೆ ಸರಿಸಿ ಈ ಕಾಡು ಮರಳಿ ಬರಲು ಬಿಟ್ಟರು. ಪಿಸೋನಿಯದ ಕಾಯಿಗೆ ಹಲಸಿನ ಮೇಣದಂಥ ಅಂಟು. ಕೊಂಬೆಯಲ್ಲಿ ಗೂಡು ಕಟ್ಟುವ ಕಡಲಹಕ್ಕಿಯ ಗರಿಗೆ ಅದು ಅಂಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಸಾಗುತ್ತದೆ. ಅಂಟು ಹೆಚ್ಚಾದರೆ ರೆಕ್ಕೆ ಬಿಚ್ಚಲಾಗದೆ ಹಕ್ಕಿ ಸಾಯುವುದೂ ಉಂಟು. ಹಿಂದೂ ಮಹಾಸಾಗರದಿಂದ ಪೆಸಿಫಿಕ್ ತನಕ ಹೀಗೆ ಹರಡಿದ ಮರ ಇದು. ಇಷ್ಟು ಅಲೆದಾಡುವ ಮರ ಸಿಕ್ಕಿದವರ ಜೊತೆ ಸಂಸಾರ ಮಾಡಬೇಕಲ್ಲವೇ? ಇಲ್ಲ. ಹೋದಲ್ಲೆಲ್ಲ ಒಂದೇ ಬಳಗದ ಬೆರಳೆಣಿಕೆಯ ಶಿಲೀಂಧ್ರಗಳನ್ನೇ ಅದು ತನ್ನ ಬೇರಿಗೆ ಸೇರಿಸುತ್ತದೆ. ಮಾಪು ಬೆಳೆಯುವ ನೆಲ ಕಡಲಹಕ್ಕಿಗಳ ಹಿಕ್ಕೆಯಿಂದ ತುಂಬಿರುತ್ತದೆ, ರಂಜಕಕ್ಕೇನೂ ಬರವಿಲ್ಲ. ಆದರೂ ಅದು ಶಿಲೀಂಧ್ರದ ಕೈ ಬಿಟ್ಟಿಲ್ಲ.

ಆದರೆ ಇಂಥ ಅದೃಷ್ಟ ಎಲ್ಲ ಗಿಡಗಳಿಗೂ ಇಲ್ಲ. 2019ರಲ್ಲಿ ಕ್ಯಾಮಿಲ್ ಡೆಲಾವೊ ಮತ್ತು ಸಂಗಡಿಗರು ಲೋಕದ ದ್ವೀಪಗಳ ಸಸ್ಯಪಟ್ಟಿಗಳನ್ನು ಖಂಡಗಳ ಪಟ್ಟಿಗಳೊಂದಿಗೆ ಹೋಲಿಸಿ, ಶಿಲೀಂಧ್ರದ ಜೊತೆ ಬೇಕಾದ ಗಿಡಗಳ ಪಾಲು ದ್ವೀಪಗಳಲ್ಲಿ ಕಡಿಮೆ ಎಂದು ಕಂಡುಕೊಂಡರು. ಬೀಜ ತೇಲಿ ಬಂದರೆ ಸಾಲದು, ಒಡನಾಡಿಯೂ ಬಂದಿರಬೇಕು. ನಮ್ಮ ಸಾಧುಗಳ ಕಮಂಡಲುವಾಗಿ ಬರುವ ದರಿಯಾಯಿ ಕಾಯಿ, ಅಂದರೆ ಸೆಶೆಲ್ಸಿನ ಜೋಡಿ ತೆಂಗು, ಶತಮಾನಗಳ ಕಾಲ ತೇಲಿ ತೇಲಿ ಮಾಲ್ದೀವ್ಸಿನ ದಡಕ್ಕೂ ಬಡಿದಿದೆ. ಎಲ್ಲೂ ಒಂದು ಗಿಡವಾಗಿ ಏಳಲಿಲ್ಲ. ತೇಲುವುದು ಒಳಗಿನ ತಿರುಳು ಕೊಳೆತು ಖಾಲಿಯಾದ ಚಿಪ್ಪು ಮಾತ್ರ. ಜೀವವಿರುವ ಕಾಯಿ ಮುಳುಗುತ್ತದೆ. ಶಿಲೀಂಧ್ರದ ಮಾತಿಲ್ಲದಿದ್ದರೂ ಇದನ್ನು ಬರೆದೆ, ದಡ ಮುಟ್ಟುವುದಕ್ಕೂ ನೆಲೆ ಊರುವುದಕ್ಕೂ ಎಷ್ಟು ಅಂತರವಿದೆ ಎಂದು ತೋರಿಸಲು.

ಇಲ್ಲಿ ನಿಮ್ಮ ಓದುಗರು ಒಂದು ಪ್ರಶ್ನೆ ಕೇಳಬಹುದು. ಮಣ್ಣು ಒಯ್ದರೆ ಒಳ್ಳೆಯದೂ ಆಗುತ್ತದಲ್ಲ? ಆಗುತ್ತದೆ. ಕೆರಿಬಿಯನ್ನಿನ ಪೋರ್ಟೊ ರಿಕೊ ದ್ವೀಪದಲ್ಲಿ ಸಹಜವಾಗಿ ಪೈನ್ ಇಲ್ಲ. 1930ರ ದಶಕದಿಂದ ಅರಣ್ಯದವರು ಮತ್ತೆ ಮತ್ತೆ ಬಿತ್ತಿದರು. ಸಸಿಗಳು ನನ್ನ 1983ರ ಧೂಪದ ಹಾಗೆಯೇ ಹಳದಿಗೆ ತಿರುಗಿ ಸತ್ತವು. 1950ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಪೈನ್ ಕಾಡಿನ ಮಣ್ಣು ತಂದು ಬುಡಕ್ಕೆ ಹಾಕಿದ ಮೇಲೆ ಹಸಿರಾಗಿ ಎದ್ದವು. ನಮ್ಮ ಹಿರಿಯ ಮಾಲಿಯ ಬುಟ್ಟಿ ಮಾಡಿದ್ದನ್ನೇ ಅಲ್ಲಿ ಹಡಗು ಮಾಡಿತು. ಓದುವಾಗ ನನಗೆ ಹೆಮ್ಮೆ ಆದದ್ದು ನಿಜ.

ಆದರೆ ಅದೇ ಬಾಗಿಲನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಅರ್ಜೆಂಟೀನಾದ ನಹುಯೆಲ್ ಹುವಾಪಿ ಸರೋವರದ ನಡುವೆ ವಿಕ್ಟೋರಿಯ ಎಂಬ ದ್ವೀಪವಿದೆ. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊರಗಿನ ಪೈನ್ ಜಾತಿಗಳನ್ನು ನೆಟ್ಟರು. ಬೀಜ ದ್ವೀಪದ ತುಂಬ ಹಾರಿದರೂ ತೋಪಿನಿಂದ ದೂರದಲ್ಲಿ ಮರ ಏಳುತ್ತಿರಲಿಲ್ಲ. ದೂರದ ಮಣ್ಣಿನಲ್ಲಿ ಪೈನಿಗೆ ಬೇಕಾದ ಶಿಲೀಂಧ್ರವಿಲ್ಲದಿರುವುದೇ ತಡೆ ಎಂದು ಮಾರ್ಟಿನ್ ನೂನ್ಯೆಸ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಮಣ್ಣು ತಾನೇ ಬೇಲಿಯಾಗಿ ನಿಂತಿತ್ತು. ಆ ಬೇಲಿ ದಾಟಿಸಿದವರು ಯಾರು? ಹೊರಗಿನಿಂದಲೇ ತಂದು ಬಿಟ್ಟ ಜಿಂಕೆ ಮತ್ತು ಕಾಡುಹಂದಿ. ಪೈನಿನ ಬುಡದ ಅಣಬೆ ತಿಂದು ದೂರದಲ್ಲಿ ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯಲ್ಲಿ ಜೀವಂತ ಶಿಲೀಂಧ್ರವಿರುವುದು 2013ರಲ್ಲಿ ದೃಢಪಟ್ಟಿತು. ಒಂದು ಹೊರಗಿನ ಮರ, ಅದರ ಹೊರಗಿನ ಶಿಲೀಂಧ್ರ, ಅದನ್ನು ಹೊರುವ ಹೊರಗಿನ ಪ್ರಾಣಿ! ಮೂರೂ ಸೇರಿದರೆ ದ್ವೀಪದ ಸ್ವಂತ ಕಾಡಿಗೆ ಜಾಗ ಎಲ್ಲಿದೆ?

ಹವಾಯಿಯಲ್ಲಿ ನಡೆಯುತ್ತಿರುವುದು ಇದಕ್ಕಿಂತ ಕೆಟ್ಟದ್ದು. ಅಲ್ಲಿನ ಒಹಿಯ ಎಂಬ ಕೆಂಪು ಹೂವಿನ ಮರ ಅವರ ಪೆಲೆ ದೇವಿಗೆ ಸಂಬಂಧಿಸಿದ್ದು. ನಮಗೆ ಅಶ್ವತ್ಥ ಇದ್ದ ಹಾಗೆ. ಅದರ ಎಲೆಯೊಳಗೆ, ಮರಕ್ಕೆ ಏನೂ ಕೇಡು ಮಾಡದೆ, ಶಿಲೀಂಧ್ರಗಳ ಒಂದು ಲೋಕವೇ ವಾಸಿಸುತ್ತದೆ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮೌನ ಲೋವ ಪರ್ವತದ 13 ಕಡೆಗಳಲ್ಲಿ ತಲಾ ಹತ್ತು ಮರಗಳ ಎಲೆ ನೋಡಿದಾಗ, ಒಂದೊಂದು ಕಡೆಯೂ ಸರಾಸರಿ 551 ಬಗೆಯವು ಸಿಕ್ಕವು. ಮಳೆ ಹೆಚ್ಚು ಕಡಿಮೆ ಆದಂತೆ, ಎತ್ತರ ಬದಲಾದಂತೆ ಅವುಗಳ ಬಳಗವೂ ಬದಲಾಗುತ್ತಿತ್ತು. ಈಗ ಅದೇ ಮರವನ್ನು ಸೆರಾಟೊಸಿಸ್ಟಿಸ್ ಎಂಬ ಬೇರೆ ಕುಲದ ಎರಡು ಶಿಲೀಂಧ್ರಗಳು ಕೊಲ್ಲುತ್ತಿವೆ. 2018ರಲ್ಲಿ ಅವಕ್ಕೆ ಹೆಸರಿಟ್ಟರು; ಅಷ್ಟರಲ್ಲಿ ಲಕ್ಷಾಂತರ ಮರಗಳು ಒಣಗಿದ್ದವು. ಗಾಯದ ಮೂಲಕ ಒಳಹೋಗುವ ಈ ರೋಗ ಹತ್ಯಾರಿಗೆ ಅಂಟಿದ ಮರದ ಪುಡಿಯಲ್ಲಿ, ಬೂಟಿಗೆ ಮೆತ್ತಿದ ಕೆಸರಿನಲ್ಲಿ ಸಾಗುತ್ತದೆ. ಕಾಡಿನ ದಾರಿಯ ಬಾಯಲ್ಲಿ ಬ್ರಶ್ಶು, ಸ್ಪಿರಿಟ್ಟು ಇಟ್ಟು ಪ್ರತಿಯೊಬ್ಬರೂ ಬೂಟು ಉಜ್ಜಿಕೊಂಡು ಹೋಗಿ ಎಂದು ಅಲ್ಲಿ ಬೇಡಿಕೊಳ್ಳುತ್ತಾರೆ. ಮಾಹೆಯಲ್ಲಿ ನನ್ನ ಚಪ್ಪಲಿ ಉಜ್ಜಿಸಿದವರ ಮುಖ ಇದನ್ನು ಓದುವಾಗ ಮತ್ತೆ ನೆನಪಾಯಿತು.

ಆದ್ದರಿಂದ ಸಂಪಾದಕರೇ, ಹಿಡಿ ಮಣ್ಣಿನ ಪ್ರೀತಿಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಅದನ್ನು ನನಗಿಂತ ಹೆಚ್ಚು ಅನುಭವಿಸಿದವರು ಕಡಿಮೆ. ಆದರೆ ಘಟ್ಟದ ಕಾಡಿನೊಳಗೆ ತಾಯಿಮರದಿಂದ ಮರಿಗೆ ಹಾಕುವ ಮಣ್ಣು ಬೇರೆ, ಸಮುದ್ರದಾಚೆಯ ದ್ವೀಪಕ್ಕೆ ಒಯ್ಯುವ ಮಣ್ಣು ಬೇರೆ. ಒಮ್ಮೆ ಸುರಿದದ್ದನ್ನು ಯಾವ ಮಾಲಿಯೂ ಯಾವ ವಿಜ್ಞಾನಿಯೂ ಮತ್ತೆ ಹೆಕ್ಕಿ ತೆಗೆಯಲಾರರು. ಅದೇ ಪುರವಣಿಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ದ್ವೀಪಗಳಿಗೆ ಹೋಗುವವರು ಮಣ್ಣನ್ನೂ ಬೇರಿರುವ ಗಿಡವನ್ನೂ ಒಯ್ಯಬೇಡಿ ಎಂದು ಒಂದು ಮಾತು ಅಚ್ಚು ಮಾಡಿ. ಅಂಡಮಾನಿಗೂ ಲಕ್ಷದ್ವೀಪಕ್ಕೂ ಪ್ರವಾಸ ಹೋಗುವವರು ಈಗ ನಮ್ಮ ಜಿಲ್ಲೆಯಲ್ಲೇ ಬಹಳ ಮಂದಿ ಇದ್ದಾರೆ. ಅವರೂ ಹೊರಡುವ ಮೊದಲು ಚಪ್ಪಲಿ, ಬೂಟಿನ ಅಡಿಯನ್ನು ತೊಳೆದು ಒಣಗಿಸಲಿ, ಅಲ್ಲಿಂದ ಬರುವಾಗಲೂ ಹಾಗೆಯೇ ಮಾಡಲಿ.

ಇನ್ನು ಆ ಬರಹದ ಕುಟುಂಬಕ್ಕೆ ಒಂದು ಸಮಾಧಾನದ ಮಾತು. ನಮ್ಮ ತುಳಸಿಯನ್ನು ಮನೆಯಲ್ಲೇ ಬಿಟ್ಟು ಹೋದದ್ದಕ್ಕೆ ನನ್ನ ಹೆಂಡತಿ ದಾರಿಯುದ್ದಕ್ಕೂ ಮಂಕಾಗಿದ್ದಳು. ಮಾಹೆಯಲ್ಲಿರುವ ಸೆಶೆಲ್ಸಿನ ರಾಜಧಾನಿ ವಿಕ್ಟೋರಿಯದಲ್ಲಿ ತಮಿಳರು ಕಟ್ಟಿದ ವಿನಾಯಕ ದೇವಸ್ಥಾನವಿದೆ. ಅಲ್ಲಿ ಪರಿಚಯವಾದ ಒಬ್ಬ ತಮಿಳು ಅಜ್ಜಿ ತಮ್ಮ ಅಂಗಳದ ತುಳಸಿಯ ಒಂದು ಸಸಿಯನ್ನು ಕಿತ್ತು ಕೊಟ್ಟರು. ಮಗನ ಮನೆಯ ಬಾಲ್ಕನಿಯಲ್ಲಿ, ಮಾಹೆಯದೇ ಮಣ್ಣು ತುಂಬಿದ ಕುಂಡದಲ್ಲಿ ಅದನ್ನು ನೆಟ್ಟೆವು. ತುಳಸಿ ವ್ಯಾಮ್ ಬಳಗದ ಗಿಡ. ಹೋದ ಊರಿನ ಮಣ್ಣಿನಲ್ಲೇ ಅದಕ್ಕೆ ಒಡನಾಡಿ ಸಿಗುತ್ತಾರೆ. ಸೊಸೆ ಪ್ರತಿ ಶುಕ್ರವಾರ ಅದಕ್ಕೆ ದೀಪ ಹಚ್ಚಿ ಫೋಟೊ ಕಳುಹಿಸುತ್ತಾಳೆ. ಗಿಡ ಈಗ ಅವಳ ಸೊಂಟದವರೆಗೆ ಬಂದಿದೆ, ಕದಿರು ಬಿಟ್ಟಿದೆ.

ಬಚ್ಚಲುಮನೆಯ ಅಟ್ಟದ ಮೇಲಿನ ಡಬ್ಬಿಯನ್ನು ನಾನು ಮರೆತೇಬಿಟ್ಟಿದ್ದೆ. ಈ ಪತ್ರ ಬರೆಯಲು ಕೂತಾಗ ನೆನಪಾಗಿ ಇಳಿಸಿದೆ. ಹೊಗೆಗೆ ಮಣ್ಣು ಒಣಗಿ ಹೆಂಟೆಯಾಗಿತ್ತು, ತಗಡಿಗೆ ತುಕ್ಕು ಹಿಡಿದಿತ್ತು. ಇಂದು ಬೆಳಿಗ್ಗೆ ಅದನ್ನು ಅದೇ ಧೂಪದ ಬುಡಕ್ಕೆ ಒಯ್ದು, ತರಗೆಲೆ ಸರಿಸಿ, ತೆಗೆದಲ್ಲೇ ಸುರಿದು ಬಂದೆ.

ಇತಿ ತಮ್ಮ ವಿಶ್ವಾಸಿ,
ಅರಣ್ಯ ಇಲಾಖೆಯ ಒಬ್ಬ ನಿವೃತ್ತ ಗಾರ್ಡ್,
ಸುಳ್ಯ ತಾಲೂಕು, ದಕ್ಷಿಣ ಕನ್ನಡ